ನೀರಿನ ದರಕ್ಕೂ ಒಂದು ಬಹಿರಂಗ ವಿಚಾರಣೆ ಬೇಕು

ಮಾನ್ಯರೆ,

2025ರ ಏಪ್ರಿಲ್‌ನಲ್ಲಿ ಬೆಂಗಳೂರು ಜಲಮಂಡಳಿ ನೀರಿನ ದರ ಏರಿಸಿದಾಗ ‘ಎಷ್ಟು ಏರಿತು’ ಎಂಬ ಬಗ್ಗೆ ಸಾಕಷ್ಟು ಗಲಾಟೆಯಾಯಿತು. ಆ ಅಂಕಿ ಯಾವ ಲೆಕ್ಕದಿಂದ ಬಂತು ಎಂದು ಕೇಳಿದವರು ಕಡಿಮೆ. 2014ರ ನವೆಂಬರ್‌ನಿಂದ ಹತ್ತು ವರ್ಷಕ್ಕೂ ಮೇಲೆ ದರವನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಒಂದೇ ಏಟಿಗೆ ಏರಿಕೆ, ಅದರ ಬೆನ್ನಿಗೆ ವರ್ಷ ವರ್ಷ ಶೇ 3ರ ಹೆಚ್ಚಳದ ಘೋಷಣೆ. ಮಂಡಳಿ ಪ್ರಸ್ತಾವ ಕಳಿಸುತ್ತದೆ, ಸರ್ಕಾರ ಒಪ್ಪುತ್ತದೆ, ನಮ್ಮ ಮನೆಗೆ ಬಿಲ್ ಬರುತ್ತದೆ.

ಕರೆಂಟಿನ ವಿಷಯದಲ್ಲಿ ಹೀಗಿಲ್ಲ. ವಿದ್ಯುತ್ ಕಂಪನಿ ಬೆಸ್ಕಾಂ ದರ ಏರಿಸಬೇಕಿದ್ದರೆ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಮುಂದೆ ಲೆಕ್ಕಪತ್ರ ಸಮೇತ ಅರ್ಜಿ ಹಾಕಬೇಕು, ಅದನ್ನು ಪ್ರಕಟಿಸಬೇಕು, ಗ್ರಾಹಕರ ಆಕ್ಷೇಪಣೆಗೆ ಲಿಖಿತ ಉತ್ತರ ಕೊಡಬೇಕು, ಬಹಿರಂಗ ವಿಚಾರಣೆಯಲ್ಲಿ ಕೂರಬೇಕು. ತಮಾಷೆ ನೋಡಿ: ಕಾವೇರಿ ನೀರೆತ್ತುವ ತೊರೆಕಾಡನಹಳ್ಳಿಯ ಪಂಪುಗಳ ಕರೆಂಟಿಗೆ ಜಲಮಂಡಳಿ ಕೊಡುವ ದರ ಇಂಥ ವಿಚಾರಣೆಯಲ್ಲೇ ತೀರ್ಮಾನವಾಗುತ್ತದೆ. ಅದೇ ಕರೆಂಟಿನಿಂದ ಮೇಲೆತ್ತಿದ ನೀರಿಗೆ ಮಾತ್ರ ವಿಚಾರಣೆ ಇಲ್ಲ.

ದರ ಏರಲೇಬಾರದು ಎಂಬ ವಾದ ನನ್ನದಲ್ಲ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಹಾರೋಹಳ್ಳಿ, ತಾತಗುಣಿ ಹಾದು, ಮೂರು ಹಂತದಲ್ಲಿ ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಒಯ್ಯಲು ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಬೇಕು. ಪಂಪು, ಮೋಟಾರಿನ ದಕ್ಷತೆ ಶೇ 75 ಎಂದರೆ 1.8 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಬರೀ ಕರೆಂಟಿಗೇ 10.80 ರೂಪಾಯಿ ಆಯಿತು. ಏರಿಕೆಯ ನಂತರವೂ ತಿಂಗಳಿನ ಮೊದಲ 8,000 ಲೀಟರಿಗೆ ಇದ್ದ ದರ ಸಾವಿರ ಲೀಟರಿಗೆ 8.50 ರೂಪಾಯಿ. ಬಡವರ ಮನೆಗೆ ನೀರು ಅಗ್ಗವಾಗಿ ಸಿಗಲಿ, ಸರಿ. ಆದರೆ ಆ ಕೊರತೆ ತುಂಬುವವರು ಯಾರು? ಸರ್ಕಾರ ರಿಯಾಯಿತಿ ಘೋಷಿಸಿದರೆ ಆ ಹಣವನ್ನು ಮುಂಗಡವಾಗಿ ಕಟ್ಟಬೇಕೆಂದು 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ನೀರಿಗೂ ಇಂಥದ್ದೊಂದು ನಿಯಮ ಬೇಕು.

ಕೆಇಆರ್‌ಸಿಯಂಥ ನಿಯಂತ್ರಕರು ದರ ಕಟ್ಟುವ ಲೆಕ್ಕ ಕಬ್ಬಿಣದ ಕಡಲೆಯೇನಲ್ಲ. ನಿರ್ವಹಣಾ ವೆಚ್ಚ, ಸವಕಳಿ (ಆಸ್ತಿ ಹಳತಾದಂತೆ ಇಳಿಯುವ ಬೆಲೆ), ಹೂಡಿದ ಬಂಡವಾಳದ ಮೇಲಿನ ಬಡ್ಡಿ ಅಥವಾ ಪ್ರತಿಫಲ ಇಷ್ಟನ್ನು ಕೂಡಿಸಿ, ಇತರ ಆದಾಯ ಕಳೆದು, ಉಳಿದದ್ದನ್ನು ಮಾರುವ ನೀರಿನ ಪ್ರಮಾಣಕ್ಕೆ ಹಂಚುತ್ತಾರೆ. ಒಳ್ಳೆಯ ನಿಯಂತ್ರಕರ ಕೆಲಸವೆಲ್ಲ ಕತ್ತರಿ ಎಲ್ಲಿ ಆಡಿಸಬೇಕು ಎಂಬುದರಲ್ಲಿದೆ.

ಮೊದಲ ಕತ್ತರಿ ಸೋರಿಕೆಗೆ. ನೂರು ಲೀಟರ್ ಪಂಪ್ ಮಾಡಿ 72 ಲೀಟರಿಗೆ ಮಾತ್ರ ಬಿಲ್ ಮಾಡಿದರೆ ಮೇಲಿನ 1.8 ಯೂನಿಟ್ 2.5 ಆಗುತ್ತದೆ. ನಿಯಂತ್ರಕರು ವರ್ಷಕ್ಕಿಷ್ಟು ಎಂದು ಸೋರಿಕೆಯ ಮಿತಿ ಹಾಕುತ್ತಾರೆ. ಮೀರಿದ್ದರ ಖರ್ಚು ಗ್ರಾಹಕರ ತಲೆಗೆ ಬರದು. ನೆಟ್ಟಗೆ ಶೇ 3 ಏರಿಸುತ್ತಾ ಹೋಗುವ ಪದ್ಧತಿಯಲ್ಲಿ ಸೋರಿಕೆ ತಗ್ಗಿಸಿದವರಿಗೂ ತಗ್ಗಿಸದವರಿಗೂ ಒಂದೇ ಫಲ. ಎರಡನೆಯದು ಬಂಡವಾಳಕ್ಕೆ. ಸರ್ಕಾರದ ಅನುದಾನದಿಂದಲೋ, ಹೊಸ ಸಂಪರ್ಕ ಪಡೆಯುವವರು ಕಟ್ಟಿದ ವಂತಿಗೆಯಿಂದಲೋ ಹಾಕಿದ ಪೈಪಿಗೆ ಮತ್ತೆ ಪ್ರತಿಫಲ ಸೇರಿಸಿದರೆ ಜನ ಒಂದೇ ಪೈಪಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಇನ್ನೊಂದು, ಬಳಕೆಗೆ ಬಾರದ ಆಸ್ತಿ. ಕಾವೇರಿ ನೀರು ಯೋಜನೆಯ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್, ಹೊರವಲಯದ 110 ಹಳ್ಳಿಗಳಿಗಾಗಿ. ಅದಕ್ಕೆ ತಂದ ಜಪಾನಿನ ಸಾಲದ ಬಡ್ಡಿ ಮನೆಗಳಿಗೆ ನಲ್ಲಿ ಬರುವವರೆಗೆ ಕಾಯುವುದಿಲ್ಲ. ಸಂಪರ್ಕ ಪಡೆದ ಮನೆಗಳು ಕಡಿಮೆಯಾದಷ್ಟೂ ಆ ಹೊರೆ ಹಳೆಯ ಬಡಾವಣೆಗಳ ಬಿಲ್ಲಿಗೆ ಎಷ್ಟು ದಾಟಬಹುದು ಎಂಬುದನ್ನು ಯಾರೋ ಕೂತು ತೂಗಬೇಕಲ್ಲ?

ಸ್ಲ್ಯಾಬ್, ಅಂದರೆ ಬಳಕೆ ಹೆಚ್ಚಿದಂತೆ ದರ ಏರುವ ಹಂತಗಳ ವಿಷಯ ಇನ್ನೂ ಸೂಕ್ಷ್ಮ. ಒಂದು ನಲ್ಲಿ, ನಾಲ್ಕು ಬಾಡಿಗೆ ಮನೆ ಇರುವ ವಠಾರ. ಮನೆಗೆ 8,000ದಂತೆ ತಿಂಗಳಿಗೆ 32,000 ಲೀಟರ್. 2025ರ ದರದಲ್ಲಿ (8.50, 15, 34 ರೂಪಾಯಿ) ಸ್ಲ್ಯಾಬನ್ನು ಇಡೀ ಮೀಟರಿಗೆ ಅನ್ವಯಿಸಿದರೆ ನೀರಿಗೆ 561 ರೂಪಾಯಿ, ಒಂದೊಂದು ಮನೆಗೆ ಅನ್ವಯಿಸಿದರೆ ನಾಲ್ಕೂ ಸೇರಿ 272. ಮಿತವಾಗಿ ಬಳಸಿದ ಬಾಡಿಗೆದಾರ ಈಜುಕೊಳದವನ ಸಾಲಿಗೆ ಸೇರದಿರಬೇಕಾದರೆ ಮೀಟರಿನ ಹಿಂದೆ ಎಷ್ಟು ಸಂಸಾರ ಇದೆ ಎಂಬ ದಾಖಲೆ ಸರಿಯಿರಬೇಕು.

ಒಳಚರಂಡಿಯ ಲೆಕ್ಕವಂತೂ ಅಂದಾಜಿನದೇ. ಬಳಸಿದ ನೀರಿನಲ್ಲಿ ಸುಮಾರು ಶೇ 80 ಚರಂಡಿ ಸೇರುತ್ತದೆ ಎಂಬುದು ಎಂಜಿನಿಯರುಗಳ ರೂಢಿ. ಆದರೆ ನಮ್ಮ ಊರಿನ ಚರಂಡಿಗೆ ಬೋರ್‌ವೆಲ್ಲು, ಟ್ಯಾಂಕರಿನ ನೀರೂ ಬರುತ್ತದೆ. ಅದಕ್ಕೆ ಕಾವೇರಿ ಮೀಟರಿನಲ್ಲಿ ಲೆಕ್ಕವಿಲ್ಲ. ತಾರಸಿಯ ಮಳೆ ನೀರನ್ನು ಕದ್ದುಮುಚ್ಚಿ ಒಳಚರಂಡಿಗೆ ಬಿಟ್ಟವರ ದಯೆಯಿಂದ ಮಳೆ ಬಂದ ದಿನ ಮ್ಯಾನ್‌ಹೋಲ್ ಉಕ್ಕುತ್ತದೆ, ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೋಗುವ ಹರಿವು ಏರುತ್ತದೆ, ಅದರ ಖರ್ಚು ಎಲ್ಲರ ಮೇಲೆ. ನೀರಿಗೂ ಒಳಚರಂಡಿಗೂ ಪ್ರತ್ಯೇಕ ಲೆಕ್ಕ ಬರೆಯದೆ ಇದನ್ನು ನ್ಯಾಯವಾಗಿ ಹಂಚಲು ಆಗುವುದಿಲ್ಲ.

ಮಹಾರಾಷ್ಟ್ರ 2005ರಲ್ಲೇ ಕಾಯ್ದೆ ಮಾಡಿ, ಸಗಟು ನೀರಿನ ದರಕ್ಕೆ ನಿಯಂತ್ರಣ ಪ್ರಾಧಿಕಾರ ರಚಿಸಿದೆ. ಇಂಗ್ಲೆಂಡಿನಲ್ಲಿ ನೀರಿನ ನಿಯಂತ್ರಣ ಸಂಸ್ಥೆ ಆಫ್‌ವಾಟ್ ಐದು ವರ್ಷಕ್ಕೊಮ್ಮೆ ದರ ಪರಿಶೀಲಿಸುತ್ತ ಬಂದಿದೆ. ಆದರೂ ಅಲ್ಲಿಯ ಕಂಪನಿಗಳು ಸಾಲದಲ್ಲಿ ಮುಳುಗಿದವು, ನದಿಗಳು ಕೊಳಚೆಯಾದವು. ಹಾಗಾಗಿ ಆಯೋಗ ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಹೇಳಲಾರೆ. ಇಲ್ಲಿ 1964ರ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗುವುದು ತಡವಾದೀತು. ಅದಕ್ಕೆ ಮೊದಲೇ ಮಂಡಳಿ ಪ್ರತಿ ನವೆಂಬರ್‌ನಲ್ಲಿ ಪಂಪ್ ಮಾಡಿದ ನೀರು, ಬಿಲ್ ಮಾಡಿದ ನೀರು, ಕರೆಂಟಿನ ಖರ್ಚು, ಸಾಲದ ಕಂತು, ವಸೂಲಾಗದ ಬಾಕಿ ಇವಿಷ್ಟನ್ನು ಕನ್ನಡದಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ 30 ದಿನ ಕೊಡಬಹುದು. ಅದಕ್ಕೆ ಯಾವ ಕಾಯ್ದೆಯ ಅಪ್ಪಣೆಯೂ ಬೇಕಿಲ್ಲ.

– ಒಬ್ಬ ನಿವೃತ್ತ ಎಂಜಿನಿಯರ್, ಬಸವನಗುಡಿ, ಬೆಂಗಳೂರು