ಮಗಳಿಗೆ ವರ್ಷ ತುಂಬಿತು, ನಿಮಗೊಂದು ಮಾತು

ನಿನ್ನೆ ಮಗಳ ಮೊದಲ ಹುಟ್ಟುಹಬ್ಬ. ಪಾಯಸ ಮಾಡಿ ನೆಂಟರಿಗೆಲ್ಲ ಬಡಿಸಿದ್ದಾಯಿತು. ಆದರೆ ನಮ್ಮ ತಾಯಂದಿರ ವಾಟ್ಸಾಪ್ ಗ್ರೂಪಿನ ಗೆಳತಿಯರೇ, ಆ ಪಂಕ್ತಿಯಲ್ಲಿ ನೀವ್ಯಾರೂ ಇರಲಿಲ್ಲವಲ್ಲ ಅಂತ ಮನಸ್ಸು ಚುರುಕ್ ಅಂದಿತು. ಅದಕ್ಕೇ ಈ ಬರಹ.

ಹೆರಿಗೆಯಾಗಿ ಒಂಬತ್ತನೇ ದಿನ. ತವರಿನ ಒಳಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದೆ. ಮಗು ಎಷ್ಟು ಕುಡಿದರೂ ಅಳು. ನೋಡಲು ಬಂದವರದೆಲ್ಲ ಒಂದೇ ಮಾತು: ‘ಹಾಲು ಸಾಲ್ತಿಲ್ಲ ಕಣೇ.’ ಅಮ್ಮ ಪಾಪ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಅಂತ ದಿನಾ ಮಾಡಿ ಹಾಕುತ್ತಿದ್ದಳು. ರಾತ್ರಿ ಎರಡೂವರೆಗೆ, ಅತ್ತಿಗೆ ಸೇರಿಸಿದ್ದ ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ಎರಡೇ ಪದ ಬರೆದೆ: ‘ನನ್ನಿಂದ ಆಗ್ತಿಲ್ಲ.’

ಸ್ವಲ್ಪ ಹೊತ್ತಿಗೇ ಹಾಸನದ ಅಕ್ಕನ ವಾಯ್ಸ್ ಮೆಸೇಜ್ ಬಂತು. ಪಿಸುಮಾತು, ಹಿಂದೆ ಅವರ ಮಗು ಚಪ್ಪರಿಸಿ ಹಾಲು ಕುಡಿಯುವ ಸದ್ದು. ‘ಮೊದ್ಲು ಹೇಳಿ, ನೀವು ಊಟ ಮಾಡಿದ್ರಾ? ಮಗು ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡುತ್ತೆ?’ ನಾನು ಎಣಿಸಿರಲೇ ಇಲ್ಲ. ಮರುದಿನ ಕ್ಯಾಲೆಂಡರಿನ ಹಿಂಬದಿ ಗೀಟು ಹಾಕುತ್ತಾ ಹೋದೆ. ಸಂಜೆಯೊಳಗೆ ಏಳು! ಐದು ದಿನ ಕಳೆದ ಮಗು ದಿನಕ್ಕೆ ಆರಾದರೂ ಬಟ್ಟೆ ಒದ್ದೆ ಮಾಡಿ, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥವಂತೆ. ಅಷ್ಟಕ್ಕೇ ಬಿಡದೆ, ಡಾಕ್ಟರ ಹತ್ತಿರ ತೂಕ ಹಾಕಿಸಿದ ಮೇಲೇ ನೀವೆಲ್ಲ ಸುಮ್ಮನಾದಿರಿ. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯೊಳಗೆ ಹೋಗಬೇಕು ಅಂತ ಮಸ್ಕತ್‌ನಲ್ಲಿರುವ ಗೆಳತಿ ಪೆನ್ಸಿಲಿನಲ್ಲಿ ಬಿಡಿಸಿ ಕಳಿಸಿದ ಚಿತ್ರ ಇನ್ನೂ ನನ್ನ ಫೋನಿನಲ್ಲಿದೆ. ಪುಡಿಹಾಲು ಕೊಡಲೇಬೇಕಾಗಿ ಬಂದ ತಾಯಂದಿರನ್ನು ನಿಮ್ಮಲ್ಲಿ ಒಬ್ಬರೂ ಹೀಗಳೆಯಲಿಲ್ಲ. ಆ ದೊಡ್ಡತನಕ್ಕೆ ನನ್ನ ನಮಸ್ಕಾರ.

ಮೂರನೇ ತಿಂಗಳಲ್ಲಿ ಹಾಲಿನ ಚಿಂತೆ ಕಳೆದಿತ್ತು, ಅಳು ಮಾತ್ರ ನನ್ನದಾಗಿತ್ತು. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಮನೆಯಲ್ಲಿ ಎಲ್ಲರೂ ಬಾಣಂತಿ ದಣಿವು ಅಂದರು. ‘ಇದು ಬರೀ ದಣಿವಲ್ಲ ಅನ್ಸುತ್ತೆ, 14416ಕ್ಕೆ ಫೋನ್ ಮಾಡಿ’ ಅಂದಿದ್ದು ಶಿವಮೊಗ್ಗದ ನರ್ಸ್ ಅಕ್ಕ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಿದರು, ಆಸ್ಪತ್ರೆಗೆ ಹೋಗಲು ಹೇಳಿದರು. ಹೆರಿಗೆ ನಂತರದ ಖಿನ್ನತೆಗೆ ಚಿಕಿತ್ಸೆ ಇದೆ ಅಂತ ಗೊತ್ತಾಗಿದ್ದೇ ಅಲ್ಲಿ. ಅಕ್ಕಾ, ನೀವು ಅವತ್ತು ಮೂರು ಸಲ ‘ಫೋನ್ ಮಾಡಿದ್ರಾ?’ ಅಂತ ಕೇಳದಿದ್ದರೆ ನಾನು ಮಾಡುತ್ತಿರಲಿಲ್ಲ.

ಹಾಸನದ ಅಕ್ಕಾ, ಮುಂದಿನ ತಿಂಗಳು ನಿಮ್ಮೂರಿಗೆ ಮದುವೆಗೆ ಬರುತ್ತಿದ್ದೇವೆ. ನಿಮ್ಮ ಮುಖ ನಾನು ನೋಡಿಯೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ‘ಊಟ ಮಾಡಿದ್ರಾ?’ ಅಂತ ಒಮ್ಮೆ ಕೇಳಿಬಿಡಿ, ಎಷ್ಟೇ ಜನರಿರಲಿ, ಗುರುತು ಹಿಡಿಯುತ್ತೇನೆ.