ಬೈನಾಕ್ಯುಲರ್ ನಿನ್ನ ಕೈಯಲ್ಲಿತ್ತು

ಪುಟ್ಟಿ,

ಬ್ಯಾಂಡಿನ ಸೌಂಡ್ ಕೆಲಸಕ್ಕೆ ನೀನು ಹೋಗುವ ಟೂರ್ ಬಸ್ಸು ಶುಕ್ರವಾರ ಬೆಳಗ್ಗೆ ಹೊರಡುತ್ತದಂತೆ. ಅಪ್ಪ ಹೇಳಿದರು. ಭಾನುವಾರ ಊಟದ ಹೊತ್ತಿಗೆ ಏನಾಯಿತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. "ಆರ್ಕೆಸ್ಟ್ರಾದವರ ಹಿಂದೆ ಊರೂರು ಸುತ್ತೋದು" ಅಂತ ನಾನು ಅಂದದ್ದು ಜಾಸ್ತಿ ಆಯಿತು, ಅದೊಂದಕ್ಕೆ ಸಾರಿ. ಉಳಿದ ಮಾತಿಗೆಲ್ಲ ಇಲ್ಲ.

ಕನ್ನಡದಲ್ಲಿ ಯಾಕೆ ಅಂದರೆ, ಇಂಗ್ಲಿಷಿನಲ್ಲಿ ಬರೆದರೆ ನೀನು ಸಿಗ್ನಲ್ಲಿನಲ್ಲಿ ನಿಂತಿರುವಾಗಲೇ ಓದಿ ಮುಗಿಸುತ್ತೀಯ. ಕನ್ನಡವಾದರೆ ಅಕ್ಷರ ಕೂಡಿಸಿಕೊಂಡು ಕೂತು ಓದಬೇಕು. ಭಾನುವಾರದ ಕನ್ನಡ ಕ್ಲಾಸಿಗೆ ಅಷ್ಟು ವರ್ಷ ಕಾರು ಓಡಿಸಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ.

ಈ ವಾರವೆಲ್ಲ ನನಗೆ ಡಾಡ್ಜರ್ ಸ್ಟೇಡಿಯಂ ನೆನಪಾಗುತ್ತಿದೆ. 2017ರ ಜುಲೈ 15. ಈಗಲ್ಸ್ ಅನ್ನುವ ರಾಕ್ ಬ್ಯಾಂಡ್ ನೋಡಲು ಫ್ರೀಮಾಂಟಿನಿಂದ ಲಾಸ್ ಏಂಜಲೀಸಿಗೆ ಹೋಗಿದ್ದೆವಲ್ಲ. ದಾರಿಯ ಕಥೆ ಬೇಡ. ಕೋಲಿಂಗಾ ಹತ್ತಿರ ದನಗಳ ವಾಸನೆಗೆ ನೀನು ದುಪಟ್ಟಾ ಮುಖಕ್ಕೆ ಸುತ್ತಿಕೊಂಡದ್ದನ್ನು ಅಪ್ಪ ಇನ್ನೂ ಎಲ್ಲರಿಗೂ ಹೇಳುತ್ತಿರುತ್ತಾರೆ.

ನಾನು ಯಾಕೆ ಅಷ್ಟು ಹಟ ಹಿಡಿದೆ ಅಂತ ಮಾತ್ರ ನಿನಗೆ ಯಾವತ್ತೂ ಹೇಳಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುವಾಗ ನಿನ್ನ ಮಾವ ಅವರದೊಂದು ಕ್ಯಾಸೆಟ್ ಕೊಟ್ಟಿದ್ದ. ಆಗ ನಮ್ಮ ಕಡೆ ಕಾಲೇಜ್ ಫೆಸ್ಟ್ ಅಂದರೆ ಯಾವುದಾದರೂ ಬ್ಯಾಂಡ್ ಈಗಲ್ಸ್‌ನ 'ಹೋಟೆಲ್ ಕ್ಯಾಲಿಫೋರ್ನಿಯಾ' ನುಡಿಸಲೇಬೇಕು. ಕೊನೆಯ ಗಿಟಾರ್ ಹೊತ್ತಿಗೆ ಅರ್ಧ ಬ್ಯಾಂಡ್ ತಾಳ ತಪ್ಪುತ್ತಿತ್ತು. ಹಾಸ್ಟೆಲಿನಲ್ಲಿ ನನಗೆ ಹಿಡಿಸಿದ್ದು ಆ ಹಾಡಲ್ಲ, ಅವರಲ್ಲೊಬ್ಬನಾದ ಗ್ಲೆನ್ ಫ್ರೇ ದನಿ. ಜಗಲಿ ಮೇಲೆ ಕೂತು ಮಾತಾಡಿದ ಹಾಗೆ ಹಾಡುತ್ತಿದ್ದ. ಅಮೆರಿಕಾಕ್ಕೆ ಬಂದಮೇಲಾದರೂ ನೋಡಬಹುದಿತ್ತು. 2013ರಿಂದ 2015ರವರೆಗೆ ಅವರು ದೊಡ್ಡ ಟೂರ್ ಮಾಡಿದರು. ಟಿಕೆಟ್ ಬೆಲೆ ನೋಡಿ ಮುಂದಿನ ಸಲ ಅಂದುಕೊಂಡೆ. 2016ರ ಜನವರಿಯಲ್ಲಿ ಫ್ರೇ ಹೋಗಿಬಿಟ್ಟ. 67 ವರ್ಷ. ಇನ್ನು ಈ ಬ್ಯಾಂಡ್ ಇಲ್ಲ ಅನ್ನುವ ಹಾಗೆ ಬ್ಯಾಂಡಿನ ಜೊತೆಗಾರ ಡಾನ್ ಹೆನ್ಲಿಯೂ ಮಾತಾಡಿದ.

ಆಮೇಲೆ ನೋಡಿದರೆ ಫ್ರೇಯ ಮಗನನ್ನು ಕರೆತಂದು ಮತ್ತೆ ಶುರು ಮಾಡುತ್ತಾರಂತೆ! ನನಗೆ ಸಿಟ್ಟೇ ಬಂತು. ಅಪ್ಪನ ಅಂಗಡಿಯಲ್ಲಿ ಮಗನನ್ನು ಕೂರಿಸುವುದು ನಮ್ಮೂರಲ್ಲೂ ಇದೆ, ಅದಕ್ಕೆ ಡಾಲರ್ ಕೊಟ್ಟು ಬೇರೆ ನೋಡಬೇಕಾ ಅಂದುಕೊಂಡೆ. ಆದರೂ ಟಿಕೆಟ್ ತೆಗೆದುಕೊಂಡೆ.

ಅವತ್ತು ಮೊದಲು ಡೂಬಿ ಬ್ರದರ್ಸ್, ಆಮೇಲೆ ಸ್ಟೀಲಿ ಡ್ಯಾನ್. ಸ್ಟೀಲಿ ಡ್ಯಾನ್‌ನ ವಾಲ್ಟರ್ ಬೆಕರ್‌ಗೆ ಹುಷಾರಿಲ್ಲ ಅಂತ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಅವನೂ ತೀರಿಕೊಂಡ. ಕತ್ತಲಾದ ಮೇಲೆ ಈಗಲ್ಸ್. ನಾವಿದ್ದದ್ದು ಎಲ್ಲೋ ಮೇಲುಗಡೆ. ಅಲ್ಲಿಂದ ಮನುಷ್ಯರು ಕಡ್ಡಿಗಳ ಥರ. ದೊಡ್ಡ ಪರದೆಯಲ್ಲಿ ತುಟಿ ಮೊದಲು ಅಲ್ಲಾಡುತ್ತಿತ್ತು, ಹಾಡು ಒಂದು ಗಳಿಗೆ ತಡವಾಗಿ ಬರುತ್ತಿತ್ತು. "ಅಮ್ಮ, ಶಬ್ದ ಸೆಕೆಂಡಿಗೆ 340 ಮೀಟರ್ ತಾನೆ? ಹಾಗಾದರೆ ನಾವು ಎಷ್ಟು ದೂರ ಇದ್ದೀವಿ?" ಅಂತ ಲೆಕ್ಕ ಹಾಕಲು ಕೂತೆ. ಸುಮ್ನೆ ಹಾಡು ಕೇಳು ಅಂತ ಗದರಿದೆ.

ಆಮೇಲೆ ಫ್ರೇಯ ಮಗ ಡೀಕನ್ ಮುಂದೆ ಬಂದ. 24ರ ಹುಡುಗ, ಉದ್ದ ಕೂದಲು, ಎಪ್ಪತ್ತರ ದಶಕದ ಫೋಟೋಗಳಲ್ಲಿ ಅಪ್ಪ ಹೇಗಿದ್ದನೋ ಹಾಗೇ. ಮಗನ ಪಾಲಿಗೆ ಬಂದ ಹಾಡುಗಳಲ್ಲಿ ಒಂದು 'ಟೇಕ್ ಇಟ್ ಈಸಿ', 1972ರಲ್ಲಿ ಬ್ಯಾಂಡಿನ ಮೊದಲ ಹಿಟ್. ಮಿಕ್ಕ ಕೆಲವನ್ನು ಹೊಸದಾಗಿ ಸೇರಿದ್ದ ವಿನ್ಸ್ ಗಿಲ್ ಹಾಡಿದ. ಡೀಕನ್ ಬಾಯಿ ತೆರೆದಾಗ ನಮ್ಮ ಸಾಲಿನವರೆಲ್ಲ ಎದ್ದು ನಿಂತರು. ಪಕ್ಕದಲ್ಲಿದ್ದ ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. 1994ರಲ್ಲಿ ಇವರು ಮತ್ತೆ ಒಂದಾದಾಗಲೂ ನೋಡಿದ್ದನಂತೆ, ಆಗ ಟಿಕೆಟ್ ನೂರು ಡಾಲರ್ ದಾಟಿತ್ತು ಅಂತ ಇನ್ನೂ ಬೈಯುತ್ತಿದ್ದ. ನನ್ನ ಕಣ್ಣೂ ಒದ್ದೆಯಾಗಿತ್ತು. ಹುಡುಗ ಅಪ್ಪನ ಹಾಗೆ ಹಾಡಲಿಲ್ಲ, ಹಾಡಲು ಹೋಗಲೂ ಇಲ್ಲ. ತನ್ನ ದನಿಯಲ್ಲಿ ಹಾಡಿದ. ನಡುಗಲಿಲ್ಲ.

ಬೈನಾಕ್ಯುಲರ್ ನಿನ್ನ ಕೈಯಲ್ಲಿತ್ತು. ಅವನ ಮುಖ ನೋಡುತ್ತಿದ್ದೀಯ ಅಂದುಕೊಂಡು "ಹೇಗಿದ್ದಾನೆ?" ಅಂತ ಕೇಳಿದೆ. "ಒಂದು ಕೈ ಎತ್ತಲೇ ಇಲ್ಲಮ್ಮ" ಅಂದೆ. ಯಾರು ಅಂದರೆ ಮೈದಾನದ ನಡುವಿನ ಟೆಂಟ್ ತೋರಿಸಿದೆ. ಹಾಡಿನ ಸದ್ದು ಹದ ಮಾಡುವ ಮಿಕ್ಸಿಂಗ್ ಡೆಸ್ಕ್ ಮೇಲೆ ಕೈಯಿಟ್ಟು ಯಾರೋ ನಿಂತಿದ್ದರು. ಸ್ಟೇಡಿಯಂ ತುಂಬ ಜನ ಸತ್ತುಹೋದವನ ಮಗನನ್ನು ನೋಡುತ್ತಿದ್ದರು, ನೀನು ಆ ಕೈ ನೋಡುತ್ತಿದ್ದೆ. ಹಾಡು ಮುಗಿಯುವವರೆಗೂ ಬೈನಾಕ್ಯುಲರ್ ನನಗೆ ಕೊಡಲಿಲ್ಲ. ಇದನ್ನು ಅಪ್ಪನಿಗೂ ಹೇಳಿರಲಿಲ್ಲ. ನೀನು ಚಿಪ್ ಕಂಪನಿ ಕೆಲಸ ಬಿಟ್ಟೆ ಅಂದಾಗ ಅವರಿಗೆ ಆದಷ್ಟು ಆಶ್ಚರ್ಯ ನನಗೆ ಆಗಲಿಲ್ಲ. ಕೂಗಾಡಿದ್ದು ಮಾತ್ರ ನಾನೇ.

ಈಗ ಕಿವಿ ವಿಷಯ. ಕಣ್ಣು ಮೇಲೆ ಹಾಕಬೇಡ.

"ಸಾಫ್ಟ್ ರಾಕ್ ಬ್ಯಾಂಡಮ್ಮ, ಮೆಟಲ್ ಅಲ್ಲ" ಅಂದೆ ನೀನು. ಒಳಗಿವಿಗೆ ಸಾಫ್ಟ್ ರಾಕ್ ಯಾವುದು, ಮೆಟಲ್ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಜೋರು, ಎಷ್ಟು ಹೊತ್ತು, ಇಷ್ಟೇ. ಕೆಲಸದ ಜಾಗದ ಆರೋಗ್ಯ ನೋಡುವ ಇಲ್ಲಿನ ಸರ್ಕಾರಿ ಸಂಸ್ಥೆ ನಯಾಶ್‌ನ ಲೆಕ್ಕ ನೀನೂ ಕೇಳಿರುತ್ತೀಯ: 85 ಡೆಸಿಬೆಲ್ ಆದರೆ ದಿನಕ್ಕೆ ಹೆಚ್ಚೆಂದರೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ 15 ನಿಮಿಷ. ನಿಮ್ಮ ಸೌಂಡ್‌ಚೆಕ್ಕೇ ಅದಕ್ಕಿಂತ ಉದ್ದ ಇರುತ್ತದೆ, ಅಲ್ವಾ? ನೀನು ವೇದಿಕೆ ಮೇಲಿನವರಿಗೆ ತಮ್ಮ ಹಾಡು ಕೇಳಿಸುವ ಮಾನಿಟರ್ ಡೆಸ್ಕಿನಲ್ಲಿ, ಡ್ರಮ್ಸ್ ಪಕ್ಕದಲ್ಲೇ ಇರುವವಳು. ಒಳಗಿವಿಯಲ್ಲಿ ಶಬ್ದ ಹಿಡಿಯುವ ಕೂದಲು ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೋವೂ ಆಗುವುದಿಲ್ಲ, ಅದೇ ಕಷ್ಟ. ಕಿವಿ ಪರೀಕ್ಷೆಯ ನಕ್ಷೆ, ಅಂದರೆ ಆಡಿಯೋಗ್ರಾಮಿನಲ್ಲಿ 4000 ಹರ್ಟ್ಸ್ ಹತ್ತಿರ ಸಣ್ಣ ಗುಂಡಿ ಬೀಳುತ್ತದೆ. ಮೊದಲು ಹೋಗುವುದು ಸ, ಶ, ಫ. ಜನ ಗೊಣಗುತ್ತಾರೆ ಅನ್ನಿಸುತ್ತದೆ. ಗೊಣಗುವುದು ಅವರಲ್ಲ. ನನ್ನ ಕ್ಲಿನಿಕ್ಕಿಗೆ ಬರುವ ಡ್ರಮ್ಮರ್‌ಗಳೆಲ್ಲ "ಒಂದು ರಾತ್ರಿ ಗುಂಯ್ ಅಂತಿತ್ತು, ಬೆಳಗ್ಗೆ ಸರಿಹೋಯಿತು" ಅಂತಲೇ ಶುರು ಮಾಡುತ್ತಾರೆ. ಬೆಳಗ್ಗೆ ಸರಿಹೋದ ಹಾಗೆ ಕಂಡರೂ ಒಳಗೆ ಪೂರ್ತಿ ಸರಿಹೋಗಿರುವುದಿಲ್ಲ. ಫೋಮ್ ಪ್ಲಗ್ ಹಾಕಿಕೊಂಡರೆ ಮೇಲಿನ ಸ್ವರಗಳೆಲ್ಲ ಮುಚ್ಚಿಹೋಗುತ್ತವೆ, ಮಿಕ್ಸ್ ಮಾಡಲು ಆಗುವುದಿಲ್ಲ ಅನ್ನುತ್ತೀಯ. ನಿಜ. ಅದಕ್ಕೇ ಸಂಗೀತದವರಿಗೆ ಬೇರೆ ಪ್ಲಗ್ ಇದೆ. ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ, 15 ಡೆಸಿಬೆಲ್.

ಭಾಷಣ ಆಯಿತು. ಬೇಡ ಅಂದುಕೊಂಡೇ ಶುರು ಮಾಡಿದ್ದೆ.

ಇನ್ನೊಂದು ಮಾತು. ಬಸ್ಸಿನ ಬಂಕಿನಲ್ಲಿ ಮಲಗುವುದು, ಗಂಡಸರೇ ಜಾಸ್ತಿ ಇರುವ ಕ್ರೂ, ರಾತ್ರಿ ಎರಡು ಗಂಟೆಗೆ ಕೇಬಲ್ ಸುತ್ತುವುದು, ಇದೆಲ್ಲ ನನ್ನ ನಿದ್ದೆ ಕೆಡಿಸುತ್ತಿದೆ. ಇದಕ್ಕೆ ನನ್ನ ಹತ್ತಿರ ಯಾವ ಲೆಕ್ಕವೂ ಇಲ್ಲ. ಹೋಗಬೇಡ ಅನ್ನುತ್ತಿಲ್ಲ. ಆ ಕೆಲಸಕ್ಕೆ ನಿನ್ನನ್ನೇ ಆರಿಸಿದರು ಅಂತ ಮೈಸೂರಿಗೆ ಫೋನ್ ಮಾಡಿ ಮಾವನಿಗೆ ಹೇಳಿದ್ದೇನೆ. ಅವನು ಇನ್ನು ಎಷ್ಟು ಜನಕ್ಕೆ ಹೇಳಿದನೋ.

ಗುರುವಾರ ಆರೂವರೆಗೆ ಕ್ಲಿನಿಕ್ಕಿಗೆ ಬಾ. ಎರಡೂ ಕಿವಿಯ ಅಚ್ಚು ತೆಗೆಯುತ್ತೇನೆ, ಒಂದು ಆಡಿಯೋಗ್ರಾಮೂ ಆಗಲಿ. ಹಿಂದಿನ ದಿನ ಇಯರ್‌ಫೋನ್ ಹಾಕಿಕೊಳ್ಳಬೇಡ. ಕಾಟನ್ ಬಡ್ಸ್ ಹಾಕಿ ಕಿವಿ ಕೆದಕಬೇಡ. ಲ್ಯಾಬಿನಿಂದ ಪ್ಲಗ್ ಬರಲು ಎರಡು ವಾರವಾದರೂ ಬೇಕು. ಆಗ ನೀವು ಯಾವ ಊರಿನಲ್ಲಿರುತ್ತೀರಿ, ಯಾವ ಹೋಟೆಲು, ಎಲ್ಲ ಬರೆದುಕೊಂಡು ಬಾ, ಅಲ್ಲಿಗೇ ಕಳಿಸುತ್ತೇನೆ. ಅಲ್ಲಿಯವರೆಗೆ ರೆಡಿಮೇಡ್ ಜೊತೆ ಎರಡು ಕೊಡುತ್ತೇನೆ, ಒಂದನ್ನು ನೀನು ಕಳೆಯುವುದು ಗ್ಯಾರಂಟಿ.

ಅಮ್ಮ