ಅಮ್ಮನ ಹೆದರಿಕೆಗೆ ಉತ್ತರ

ನೈರೋಬಿ

ತೀರ್ಥರೂಪರಾದ ಅಪ್ಪನವರಿಗೆ ಮಗನ ನಮಸ್ಕಾರಗಳು.

ನಾನು ಕ್ಷೇಮ. ದೇವರಾಯನದುರ್ಗದ ಕಡೆಯಿಂದ ಇಳಿದ ಚಿರತೆ ನಮ್ಮ ತೋಟದ ಬದುವಿನಲ್ಲಿ ಹೆಜ್ಜೆ ಮೂಡಿಸಿ ಹೋಗಿದೆ ಎಂದು ಮೊನ್ನೆ ನೀವು ಫೋನಿನಲ್ಲಿ ಹೇಳುತ್ತಿದ್ದರೆ, ಅಮ್ಮ ಅದನ್ನು ಬಿಟ್ಟು ಇಲ್ಲಿನ ಸಿಂಹಗಳು ಮನುಷ್ಯರ ಮೇಲೆ ಬೀಳುವುದಿಲ್ಲವೇ ಎಂದೇ ಕೇಳುತ್ತಿದ್ದರು. ಈ ಕಾಗದವನ್ನು ಅವರಿಗೆ ಓದಿ ಹೇಳಿ.

ಈ ನಗರದ ಅಂಚಿಗೇ 117 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಿದೆ. ಕಳೆದ ಭಾನುವಾರ ಅಲ್ಲಿ ಒಂದು ಹೆಣ್ಣು ಸಿಂಹ ನಮ್ಮ ಜೀಪಿನಿಂದ ಹತ್ತು ಮಾರು ದೂರದಲ್ಲಿ, ಎಂಜಿನ್ನಿನ ಸದ್ದಿಗೆ ಕಿವಿಯನ್ನೂ ಅಲುಗಿಸದೆ ಮಲಗಿತ್ತು. ಮುಂದಿನ ಗಾಡಿಯ ಚಾಲಕ ಟೈರು ನೋಡಲೆಂದು ಕೆಳಗೆ ಕಾಲಿಟ್ಟದ್ದೇ ತಡ, ಅದು ಎದ್ದು ತಲೆ ತಗ್ಗಿಸಿ ಪೊದೆಯೊಳಗೆ ಸರಿದುಹೋಯಿತು.

ಬೇಟೆಯಾಡಿ ಬದುಕುವ ಪ್ರಾಣಿಗೆ ಮೈಯೇ ಬಂಡವಾಳ. ಜೀಬ್ರಾದ ಒಂದು ಒದೆತಕ್ಕೆ ದವಡೆ ಮುರಿದರೂ ಉಪವಾಸ ಬಿದ್ದು ಸಾಯಬೇಕಾದ್ದರಿಂದ, ತಾಯಿಯ ಜೊತೆ ತಿರುಗಿ ಕಲಿತ ಬೇಟೆಯನ್ನು ಬಿಟ್ಟು ನೆಟ್ಟಗೆ ನಡೆಯುವ ಈ ವಿಚಿತ್ರ ಪ್ರಾಣಿಯ ತಂಟೆಗೆ ಅದು ಸುಲಭಕ್ಕೆ ಬರುವುದಿಲ್ಲ. ಸಾಲದ್ದಕ್ಕೆ, ಮೇಲೆ ಬಿದ್ದವುಗಳನ್ನೆಲ್ಲ ಮನುಷ್ಯರು ಈಟಿ, ವಿಷ, ಕೋವಿಗಳಿಂದ ತಲೆಮಾರುಗಳ ಕಾಲ ಕೊಂದಿರುವಾಗ, ಉಳಿದು ಮರಿ ಹಾಕಿದವು ಹೆಚ್ಚಾಗಿ ಪುಕ್ಕಲು ಸ್ವಭಾವದವೇ ಇರಬೇಕು. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ನೀರಿನ ಹೊಂಡಗಳ ಬಳಿ ಸ್ಪೀಕರು ಅಡಗಿಸಿಟ್ಟು ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿರತೆಯೂ ಸೇರಿದಂತೆ ಅನೇಕ ಪ್ರಾಣಿಗಳು ಸಿಂಹದ ಗುರುಗುಟ್ಟುವಿಕೆಗಿಂತ ಮನುಷ್ಯರ ದನಿಗೇ ಹೆಚ್ಚು ಹೆದರಿ ಓಡಿದವು. ಕೇಳಿಸಿದ್ದು ಕೂಗಾಟವೂ ಅಲ್ಲ, ನಾವು ಜಗಲಿಯ ಮೇಲೆ ಕೂತು ಆಡುವಂಥ ಮಾತು!

ಹಾಗೆಂದು ಪೂರ್ತಿ ನಂಬುವಂತಿಲ್ಲ. 1898ರಲ್ಲಿ ಇದೇ ದೇಶದ ತ್ಸಾವೋದಲ್ಲಿ ರೈಲು ಹಳಿ ಹಾಕಲು ಬಂದಿದ್ದ ನಮ್ಮ ದೇಶದ ಕೂಲಿಗಳನ್ನು ಎರಡು ಸಿಂಹಗಳು ಡೇರೆಯಿಂದಲೇ ಎಳೆದೊಯ್ದವು. ಅವುಗಳಲ್ಲೊಂದರ ಕೋರೆಹಲ್ಲು ಮುರಿದು ಬೇರಿನಲ್ಲಿ ಕೀವುಗಟ್ಟಿತ್ತು. ನಮ್ಮ ಹೆಬ್ಬೂರು, ಗುಬ್ಬಿ ಕಡೆ 2020ರ ಆಸುಪಾಸಿನಲ್ಲಿ ಚಿರತೆಗೆ ಬಲಿಯಾದವರಲ್ಲಿ ಮಕ್ಕಳೂ ಇದ್ದರು. ಚಿಕ್ಕ ಮಕ್ಕಳಾಗಲಿ, ಬಗ್ಗಿ ಹುಲ್ಲು ಕೊಯ್ಯುವವರಾಗಲಿ ಅದರ ಕಣ್ಣಿಗೆ ಕುರಿಯಷ್ಟೇ ಎತ್ತರ ಕಾಣುತ್ತಾರೆ.

ಆದ್ದರಿಂದ ಹೆದರಿಕೆ ನನ್ನ ಬಗ್ಗೆ ಬೇಡ. ಅಮ್ಮ ಹೊತ್ತು ಮುಳುಗುವಾಗ ಒಬ್ಬರೇ ಹುಲ್ಲಿಗೆ ಹೋಗದೆ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಮಾತಾಡುತ್ತಾ ಹೋಗಲಿ. ನಮ್ಮ ನಾಯಿ ಕರಿಯನನ್ನು ರಾತ್ರಿ ಅಂಗಳದಲ್ಲಿ ಕಟ್ಟದೆ ಕೊಟ್ಟಿಗೆಗೆ ಸೇರಿಸಿ ಅಗುಳಿ ಹಾಕಿ. ಚಿರತೆ ಬಾಗಿಲವರೆಗೆ ಬಂದರೆ ಅದು ಅವನನ್ನು ಹುಡುಕಿಕೊಂಡೇ.

ಇಂತಿ ನಿಮ್ಮ ಮಗ